ಎಂಟು ಚಕ್ರದ ಗಾಡಿಯ ಬೀಳ್ಕೊಡುಗೆ

ಕಟ್ಟಡದ ಕಸದ ಡಬ್ಬಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ನಿಂತಿರುವಾಗ ಹಿಂದಿನಿಂದ ಯಾರಾದರೂ ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ, ಕೊಡಬಹುದಾದ ಮರ್ಯಾದೆಯ ಉತ್ತರಗಳು ಹೆಚ್ಚಿಲ್ಲ. ಉಂಗುರ ಬಿತ್ತು ಎನ್ನಬಹುದು. ಬೀಗದ ಕೈ ಬಿತ್ತು ಎನ್ನಬಹುದು. ಮೀಟರಿಗೆ ಆ ಬೆಳಿಗ್ಗೆ ಎರಡೂ ಹೊಳೆಯಲಿಲ್ಲ.

ಮೀಟರ್ ಎಂದರೆ ಮನುಷ್ಯನೇ. ವಿದ್ಯುತ್ ಕಚೇರಿಯ ನೌಕರ, ಇಪ್ಪತ್ತೇಳು ವರ್ಷದಿಂದ ಮನೆಮನೆಗೆ ಹೋಗಿ ಮೀಟರ್ ಓದುವವನು. ಬಾಗಿಲು ತೆಗೆದವರು ಒಳಗೆ ತಿರುಗಿ "ಮೀಟರ್ ಬಂತು" ಎನ್ನುತ್ತಿದ್ದರೇ ಹೊರತು "ಬಂದರು" ಎಂದು ಯಾರೂ ಅಂದದ್ದಿಲ್ಲ. ನಾನೂರು ಮನೆಗಳಲ್ಲಿ ಮೀಟರ್ ಯಾವ ಮೂಲೆಯಲ್ಲಿದೆ, ಅದರ ಕೆಳಗೆ ಏನು ಪೇರಿಸಿಟ್ಟಿದ್ದಾರೆ ಎನ್ನುವುದು ಅವನಿಗೆ ಬಾಯಿಪಾಠ. ಅವನು ಯಾವ ಮೂಲೆಯಲ್ಲಿದ್ದಾನೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಹದಿನೆಂಟು ವರ್ಷದಿಂದ ಒಬ್ಬನೇ ಇದ್ದ. ತನ್ನ ಕಟ್ಟಡದ ಮೀಟರುಗಳನ್ನೂ ತಾನೇ ಓದುತ್ತಿದ್ದ. ಆಗಲೂ ಜನ "ಮೀಟರ್ ಬಂತು" ಎಂದೇ ಹೇಳುತ್ತಿದ್ದರು.

ಈಗ ಡಬ್ಬಿಯ ವಿಷಯ. ಅವನು ಹುಡುಕುತ್ತಿದ್ದದ್ದು ಹಲ್ಲುಜ್ಜುವ ಪೇಸ್ಟಿನ ಮುಚ್ಚಳ. ಸುತ್ತಲೂ ಗೀರುಗಳಿದ್ದ ಬಿಳಿ ಮುಚ್ಚಳ. ಅಂಥವು ಅವನ ಬಳಿ ಏಳು ಇದ್ದವು, ಬೇಕಾದದ್ದು ಎಂಟು. ತನ್ನ ಪೇಸ್ಟು ಬೇಗ ಮುಗಿಯಲಿ ಎಂದು ದಿನಕ್ಕೆ ಮೂರು ಸಲ ಹಲ್ಲುಜ್ಜಿ ವಸಡು ಕೆಂಪಗಾಗಿತ್ತು. ಅಷ್ಟರಲ್ಲಿ ಎರಡನೇ ಮಹಡಿಯ ದಂಪತಿ ಅದೇ ಪೇಸ್ಟಿನ ಖಾಲಿ ಟ್ಯೂಬನ್ನು ಎಸೆದದ್ದು ಮೆಟ್ಟಿಲಿನಿಂದ ಕಣ್ಣಿಗೆ ಬಿತ್ತು. ಓಡಿ ಬಂದು ಕೈ ಹಾಕಿದ.

ಹಿಂದಿನಿಂದ ಕೇಳಿದವರು ಕಟ್ಟಡದ ಸಂಘದ ಕಾರ್ಯದರ್ಶಿ. ಅವರು ರೈಲು ನಿಲ್ದಾಣದಲ್ಲಿ ಮೂವತ್ತು ವರ್ಷ ಧ್ವನಿವರ್ಧಕದ ಮುಂದೆ ಕೂತು ಯಾವ ಗಾಡಿ ಎಷ್ಟು ತಡ ಎಂದು ಸಾರಿ ನಿವೃತ್ತರಾದವರು. ಪಿಸುಗುಟ್ಟಿದರೂ ನಾಲ್ಕು ಮಹಡಿಗೆ ಕೇಳಿಸುವ ಗಂಟಲು. ಅವರ ಪ್ರಶ್ನೆಗೆ ಮೊದಲ ಮಹಡಿಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕಿಟಕಿ ತೆಗೆದು ಬಗ್ಗಿ ನೋಡಿದರು.

"ಒಂದು ಗಾಡಿಗೆ ಬೇಕಿತ್ತು ಸರ್," ಎಂದ ಮೀಟರ್.

"ಯಾವ ಗಾಡಿ?"

"ಬೇರೆ ಗ್ರಹದ್ದು."

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜವೇ. ಯಾರು ಮಾಡಿಸುತ್ತಿರುವುದು ಎಂದು ಕಾರ್ಯದರ್ಶಿ ಕೇಳಿದಾಗ "ನಾನೇ ಮಾಡ್ತಿರೋದು, ಆಟಕ್ಕೆ" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಐವತ್ತೊಂದು ವರ್ಷದ ಗಂಡಸು, ಕೈಯಲ್ಲಿ ಕಸ, ಮೇಲೆ ಕಿಟಕಿಯಲ್ಲಿ ಡಾಕ್ಟರು. "ಒಂದು ಸಂಸ್ಥೆ" ಎಂದುಬಿಟ್ಟ. ಯಾವ ಸಂಸ್ಥೆ ಎಂದಾಗ ಸುಮ್ಮನಾದ. ಸಂಸ್ಥೆ ಹುಟ್ಟಿ ಅರ್ಧ ನಿಮಿಷವೂ ಆಗಿರಲಿಲ್ಲ, ಹೆಸರಿಡಲು ಪುರುಸೊತ್ತೆಲ್ಲಿ? ಕಾರ್ಯದರ್ಶಿಗಳು ಆ ಮೌನವನ್ನು ಗೌರವದಿಂದ ನೋಡಿದರು.

"ಹೇಳೋ ಹಾಗಿಲ್ವಾ?" ಎಂದರು, ತಮ್ಮ ಮಟ್ಟಿಗೆ ಗುಟ್ಟಾಗಿ. ನಾಲ್ಕನೇ ಮಹಡಿಯಲ್ಲಿ ಒಂದು ಬಾಗಿಲು ತೆರೆಯಿತು.

"ಇಲ್ಲ ಸರ್," ಎಂದ ಮೀಟರ್. ಅದೂ ನಿಜವೇ.

ಗಾಡಿ ಎಂದರೆ ಏನು ಎನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಮೀಟರ್ ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕಿಟಕಿಯ ಪಕ್ಕದ ಮೇಜಿಗೆ ಕೂತರೆ, ಎಲ್ಲೂ ಇಲ್ಲದ ಗ್ರಹಗಳಲ್ಲಿ ಓಡಾಡುವ ವಾಹನಗಳನ್ನು ಮಾಡುತ್ತಿದ್ದ. ಒಡಲು ಯಾವುದೋ ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆಯದೋ ಹೇರ್ ಡ್ರೈಯರಿನದೋ. ಕಷ್ಟದ ಕೆಲಸವೆಲ್ಲ ಅದರ ಮೇಲೆ. ಬಾಚಣಿಗೆಯ ಹಲ್ಲು ಏಣಿಯಾಗುತ್ತಿತ್ತು, ಪೇಸ್ಟಿನ ಮುಚ್ಚಳ ಚಕ್ರ, ಪೆನ್ನಿನ ಸ್ಪ್ರಿಂಗು ಕೊಳವೆ, ಖಾಲಿ ಮಾತ್ರೆ ಪಟ್ಟಿಯ ಗುಳಿಗಳು ಕಿಟಕಿ, ಹರಿದ ಜಿಪ್ಪು ಹೊಲಿಗೆಬಿದ್ದ ತಗಡು. ಚಿಮಟದಲ್ಲಿ ಹಿಡಿದು, ಅಂಟು ಹಚ್ಚಿ, ಉಸಿರು ಬಿಗಿಹಿಡಿದು ಒಂದೊಂದನ್ನೇ ಕೂರಿಸಿ, ಕೊನೆಗೆ ಬೂದು ಬಣ್ಣ ಬಳಿದರೆ ಅದು ಬಾಚಣಿಗೆ, ಇದು ಮಾತ್ರೆ ಪಟ್ಟಿ ಎಂದು ಯಾರೂ ಹೇಳುವಂತಿರಲಿಲ್ಲ. ಹತ್ತಾರು ವರ್ಷ ಧೂಳಿನಲ್ಲಿ ದುಡಿದು ಸವೆದ ಯಂತ್ರದಂತೆ ಕಾಣುತ್ತಿತ್ತು. ಇಂಥ ಹನ್ನೊಂದು ಗಾಡಿಗಳು ಬೀರುವಿನ ಮೇಲಿದ್ದವು. ಅವನ್ನು ಅವನ ಹೊರತು ನೋಡಿದ್ದು ಒಬ್ಬ ಬಣ್ಣ ಬಳಿಯುವವನು, ಗೋಡೆಗೆ ಸುಣ್ಣ ಹೊಡೆಯಲು ಬಂದಾಗ. ಅವನು "ಇದನ್ನ ಎಲ್ಲಿ ಎತ್ತಿಡ್ಲಿ?" ಎಂದಷ್ಟೇ ಕೇಳಿದ್ದ.

ಮರುದಿನ ಸಂಜೆ ಕಾರ್ಯದರ್ಶಿಗಳು ಬಂದು ಕರೆಗಂಟೆ ಒತ್ತಿದರು. ಗಂಟೆಯ ಸದ್ದು ತನ್ನ ಮನೆಯದೇ ಎಂದು ಮೀಟರಿಗೆ ಗೊತ್ತಾಗಲು ಮೂರು ಸಲ ಒತ್ತಬೇಕಾಯಿತು. ಅವರ ಕೈಯಲ್ಲಿ ಕರವಸ್ತ್ರ, ಅದರೊಳಗೆ ಮೈಕಿನ ಮೂತಿಯ ದುಂಡನೆಯ ಜಾಲರಿ. ಮೂವತ್ತು ವರ್ಷ ಅವರ ಉಸಿರು ತಾಗಿದ ಜಾಲರಿ ಅದು, ನಿವೃತ್ತಿಯ ದಿನ ಕೇಳಿ ತಂದುಕೊಂಡದ್ದು. ಲಕ್ಷಾಂತರ ಜನರನ್ನು ಊರಿಗೆ ಕಳಿಸಿದೆ, ನಾನು ಮಾತ್ರ ಎಲ್ಲಿಗೂ ಹೋಗಲಿಲ್ಲ, ಇದಾದರೂ ಹೋಗಲಿ ಎಂದರು. ಆಮೇಲೆ ಒಂದು ಗಂಟೆ ಕೂತು, ಒಮ್ಮೆ ತಪ್ಪು ಗಾಡಿಯ ಹೆಸರು ಹೇಳಿ ಇಡೀ ಮದುವೆ ದಿಬ್ಬಣವನ್ನು ಬೇರೆ ಊರಿಗೆ ಕಳಿಸಿದ್ದನ್ನು ವಿವರಿಸಿದರು.

ನಿಜ ಹೇಳಲು ಮೀಟರ್ ಬಾಯಿ ತೆರೆದದ್ದು ಹೌದು. ಆದರೆ ಆ ಒಂದು ಗಂಟೆಯಲ್ಲಿ ಮಾತಾಡುವ ಸರದಿ ಅವನಿಗೆ ಬರಲಿಲ್ಲ.

ಮೂರನೇ ದಿನ ಲಿಫ್ಟಿನಲ್ಲಿ ನೋಟೀಸು ಬಿತ್ತು. ನಮ್ಮ ಕಟ್ಟಡದ ನಿವಾಸಿಯೊಬ್ಬರು ಬೇರೆ ಗ್ರಹದ ವಾಹನ ತಯಾರಿಸುತ್ತಿರುವುದರಿಂದ ಸಣ್ಣಪುಟ್ಟ ನಿರುಪಯೋಗಿ ವಸ್ತುಗಳಿದ್ದವರು ಮೂರನೇ ಮಹಡಿಗೆ ತಲುಪಿಸಬೇಕು, ಅಡುಗೆಮನೆಯ ಕಸವನ್ನು ಸ್ವೀಕರಿಸಲಾಗುವುದಿಲ್ಲ, ಸಂಸ್ಥೆಯ ಹೆಸರು ಕೇಳಬಾರದು.

ಜನ ಬಂದರು. ಹಲ್ಲಿನ ಡಾಕ್ಟರು ಸವೆದ ಕೊರೆಯುವ ಮುಳ್ಳುಗಳನ್ನೂ, ಯಾರೋ ಹಲ್ಲು ಕಟ್ಟಿಸಿಕೊಳ್ಳಲು ಅಳತೆ ಕೊಟ್ಟು ಮತ್ತೆ ಬಾರದೇ ಹೋದ ಕೆಳದವಡೆಯ ಅಚ್ಚನ್ನೂ ತಂದರು. ದವಡೆ ಗಾಡಿಯ ಮೂತಿಗೆ ಹೇಳಿಮಾಡಿಸಿದಂತೆ ಕೂತಿತು. ಬಂಡೆ ಕಡಿಯುವ ಹಲ್ಲು ಎಂದು ಮೀಟರ್ ವಿವರಿಸಿದ. ಕಾರ್ಯದರ್ಶಿಗಳಿಗೆ ತಮ್ಮ ಜಾಲರಿ ನೆತ್ತಿಯಲ್ಲಿದ್ದು ಡಾಕ್ಟರ ದವಡೆ ಮುಂದಿರುವುದು ಸರಿಬರಲಿಲ್ಲ, ಎರಡು ದಿನ ಮುನಿಸಿಕೊಂಡರು. ಎರಡನೇ ಮಹಡಿಯ ದಂಪತಿ ಮಾತ್ರೆ ಪಟ್ಟಿಗಳನ್ನು ತಂದು, ಯಾವ ಪಟ್ಟಿ ಯಾವ ಕಾಯಿಲೆಯದು, ಯಾರಿಗೆ ಎಷ್ಟರಲ್ಲಿ ಇಳಿಯಿತು ಎಂದು ಸರದಿಯಂತೆ ಹೇಳಿದರು. ಗಾಡಿ ಮೊಳದುದ್ದವೇ ಇರುವುದನ್ನು ಕಂಡು ಹೆಂಡತಿ "ಇಷ್ಟೇನಾ?" ಎಂದರೆ, ಗಂಡ "ಭಾರ ಕಮ್ಮಿ ಇದ್ದಷ್ಟು ದೂರ ಹೋಗತ್ತೆ ಕಣೇ" ಎಂದು ಪರಿಣತರಂತೆ ನುಡಿದರು. ಮೀಟರ್ ಹೋಗಿ ಆರು ಹೊಸ ಲೋಟ ತಂದ. ಚಹಾ ಪುಡಿ ವಾರದಲ್ಲಿ ಮುಗಿಯುವುದನ್ನು ಅವನು ಮೊದಲ ಬಾರಿ ಕಂಡ.

ಅವನ ಅಕ್ಕ ಬೇರೆ ಊರಿನಲ್ಲಿದ್ದವಳು, ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು. ನಾಲ್ಕು ನಿಮಿಷದ ಮಾತು. ಊಟ ಆಯಿತೇ, ಮಾತ್ರೆ ತೆಗೆದುಕೊಂಡೆಯಾ, ಬಾಗಿಲು ಸರಿಯಾಗಿ ಹಾಕಿಕೋ. ಆ ಭಾನುವಾರ ಮೀಟರ್ "ಅಕ್ಕಾ, ಮನೇಲಿ ಜನ ಇದಾರೆ, ಆಮೇಲೆ ಮಾಡ್ತೀನಿ" ಎಂದ.

"ಪೊಲೀಸ್ನೋರಾ?" ಎಂದಳು ಅಕ್ಕ.

ಕೊನೆಗೆ ಬಂದವರು ನೆಲಮಹಡಿಯ ಹೊಲಿಗೆಯಮ್ಮ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮುಂಬಾಗಿಲ ಕೋಣೆಯಲ್ಲೇ ಯಂತ್ರ ಇಟ್ಟುಕೊಂಡು ಪ್ಯಾಂಟು ಮೊಟಕು ಮಾಡುವುದು, ಜಿಪ್ಪು ಹಾಕುವುದು ಮಾಡುತ್ತಿದ್ದರು. ಅವರು ತಂದದ್ದು ಗಂಡನ ಗಡ್ಡ ಹೆರೆಯುವ ಮಿಷನ್ನು, ಮೂರು ದುಂಡು ಬ್ಲೇಡುಗಳದ್ದು. ಕುಳಿತುಕೊಳ್ಳಲಿಲ್ಲ. ಮಿಷನ್ನನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಅಲ್ಲಿಗೆ ಹೋದ್ಮೇಲೆ ಇದು ವಾಪಸ್ ಬರತ್ತಾ?"

ಮೀಟರ್ ತನ್ನ ಗಾಡಿಯ ಬಗ್ಗೆ ಗೊತ್ತಿದ್ದದ್ದನ್ನು ಹೇಳಿದ. "ಇಲ್ಲಮ್ಮ. ಇದು ಅಲ್ಲೇ ಇರೋ ಗಾಡಿ."

"ಹಾಗಾದ್ರೆ ಸರಿ. ಡ್ರಾಯರ್ ಎಳೆದಾಗೆಲ್ಲ ಕಾಣತ್ತೆ. ಬಿಸಾಕೋಕೆ ಕೈ ಬರಲ್ಲ." ಮೇಜಿನ ಮೇಲಿಟ್ಟು ಹೋದರು.

ಅಂದು ಮೀಟರಿಗೆ ಚಿಮಟ ಹಿಡಿಯಲು ಆಗಲಿಲ್ಲ. ನಾಳೆ ಎಲ್ಲರಿಗೂ ಹೇಳಿಬಿಡಬೇಕು ಎಂದು ತೀರ್ಮಾನಿಸಿದ. ನಾಳೆ ಬಂದಾಗ ಕಾರ್ಯದರ್ಶಿಗಳು ಗಾಡಿ ಯಾವಾಗ ತಯಾರು ಎಂದು ಕೇಳಿದರು. ಭಾನುವಾರಕ್ಕೆ ಬಣ್ಣ ಒಣಗುತ್ತದೆ ಎಂದ. ಭಾನುವಾರ ಗಾಡಿ ಹೊರಡುತ್ತದೆ ಎಂದು ಲಿಫ್ಟಿನಲ್ಲಿ ನೋಟೀಸು ಬಿತ್ತು. ಸಂಜೆ ನಾಲ್ಕಕ್ಕೆ ವಾಹನ ನಿಲ್ಲಿಸುವ ಜಾಗದಲ್ಲಿ ಬೀಳ್ಕೊಡುಗೆ, ಮುಖ್ಯ ಅತಿಥಿಗಳು ವಿದ್ಯುತ್ ಕಚೇರಿಯ ಮೇಲಧಿಕಾರಿಗಳು.

ಮೇಲಧಿಕಾರಿಗಳು ನಿಯಮದ ಮನುಷ್ಯ. ಆಹ್ವಾನ ಕೈಸೇರಿದ ದಿನವೇ ಮೀಟರನ್ನು ಕರೆಸಿ, ಇಲಾಖೆಯ ನೌಕರ ಅನುಮತಿಯಿಲ್ಲದೆ ಬೇರೆ ಸಂಸ್ಥೆಯ ಕೆಲಸ ಮಾಡುವಂತಿಲ್ಲ, ಅದು ಈ ಗ್ರಹದ ಸಂಸ್ಥೆಯಾದರೂ ಅಷ್ಟೇ ಬೇರೆ ಗ್ರಹದ್ದಾದರೂ ಅಷ್ಟೇ, ಸಂಸ್ಥೆಯ ಹೆಸರು ವಿಳಾಸ ಸಮೇತ ವಿವರಣೆ ಬೇಕು ಎಂದರು. ಬರೆದುಕೊಡಲು ಮೀಟರ್ ಮೂರು ದಿನ ತಡಬಡಾಯಿಸಿದ. ಹಾಗಾದರೆ ಸಭೆಯಲ್ಲೇ ಎಲ್ಲರ ಮುಂದೆ ಹೇಳು, ನಾನು ಅಲ್ಲೇ ಬರೆದುಕೊಳ್ಳುತ್ತೇನೆ ಎಂದು ಅವರು ಫೈಲಿನ ಸಮೇತ ಬಂದರು.

ಭಾನುವಾರ ನಾಲ್ಕಕ್ಕೆ ಕಟ್ಟಡವೇ ಕೆಳಗಿಳಿದಿತ್ತು. ಪ್ರತಿಯೊಬ್ಬರೂ ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಬಂದಿದ್ದರು. ಮೇಜಿನ ಮೇಲೆ ಬಿಳಿಯ ಟವೆಲು ಹೊದ್ದ ಗಾಡಿ. ಕಾರ್ಯದರ್ಶಿಗಳು ಮೈಕು ಹಿಡಿದರು, ಅವರ ಕಣ್ಣಾಲಿ ತೇವವಾಗಿತ್ತು.

"ದಯವಿಟ್ಟು ಗಮನಿಸಿ. ನಮ್ಮ ಕಟ್ಟಡದಿಂದ ಹೊರಟು ಬೇರೆ ಗ್ರಹಕ್ಕೆ ಹೋಗಲಿರುವ ಎಂಟು ಚಕ್ರದ ಗಾಡಿಯು ಇನ್ನು ಕೆಲವೇ ನಿಮಿಷಗಳಲ್ಲಿ ಹೊರಡಲಿದೆ."

ಟವೆಲು ಸರಿಸಿದರು. ಸಂಜೆಯ ಬೆಳಕಿನಲ್ಲಿ ಅದು ನಿಜವಾಗಿಯೂ ಎಲ್ಲಿಗೋ ಹೊರಟ ಹಾಗಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು, ತಮ್ಮ ತಮ್ಮ ವಸ್ತು ಎಲ್ಲಿದೆ ಎಂದು ಬೆರಳು ತೋರಿಸತೊಡಗಿದರು. ಅಷ್ಟರಲ್ಲಿ ಮೇಲಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದು, ಸಂಸ್ಥೆಯ ಹೆಸರು ಹೇಳು ಎಂದರು. ಕಾರ್ಯದರ್ಶಿಗಳು ಮೈಕನ್ನು ಮೀಟರಿನ ಬಾಯಿಗೆ ಹಿಡಿದರು.

"ಸಂಸ್ಥೆ ಯಾವ್ದೂ ಇಲ್ಲ," ಎಂದ ಮೀಟರ್. ಮೈಕಿನಲ್ಲಿ ತನ್ನ ದನಿ ಕೇಳಿ ಅವನೇ ಬೆಚ್ಚಿದ. "ಇದು ಎಲ್ಲಿಗೂ ಹೋಗಲ್ಲ. ನಾನು ಸುಮ್ನೆ ಮಾಡ್ತೀನಿ ಇಂಥವನ್ನ. ಇದು ಹನ್ನೆರಡನೇದು."

ಮೊದಲು ಸಮಾಧಾನವಾದದ್ದು ಮೇಲಧಿಕಾರಿಗಳಿಗೆ. ಆಟಿಕೆಯಾದರೆ ಅನುಮತಿ ಬೇಕಾಗಿಲ್ಲ ಎಂದು ಫೈಲು ಮುಚ್ಚಿ, ಮನಸಾರೆ ಚಪ್ಪಾಳೆ ತಟ್ಟಿದರು. ಅವರೊಬ್ಬರದೇ ಚಪ್ಪಾಳೆ, ಆ ಜಾಗದಲ್ಲಿ ಪ್ರತಿಧ್ವನಿಸಿತು. ಕಾರ್ಯದರ್ಶಿಗಳು ಮೈಕಿನ ಗುಂಡಿ ಆರಿಸಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಪಕ್ಕದವರಿಗಷ್ಟೇ ಕೇಳುವ ಹಾಗೆ ಮಾತಾಡಿದರು.

"ನನ್ನ ಜಾಲರಿ ವಾಪಸ್ ಬೇಕು."

ಜನ ಕುರ್ಚಿಗಳನ್ನು ಹೊತ್ತುಕೊಂಡು ಒಳಗೆ ಹೋದರು. ಹೊಲಿಗೆಯಮ್ಮ ಹಿಂದಿನ ಸಾಲಿನಲ್ಲಿದ್ದವರು, ತಮ್ಮ ಕುರ್ಚಿ ಮಡಚಿಕೊಂಡು ಹೋದರು.

ಸೋಮವಾರ ಲಿಫ್ಟಿನಲ್ಲಿ ಕೊನೆಯ ನೋಟೀಸು. ಕೊಟ್ಟ ವಸ್ತುಗಳನ್ನು ಹಿಂಪಡೆಯುವ ವೇಳೆ ಸಂಜೆ ಐದರಿಂದ ಏಳು, ಸಾಲಿನಲ್ಲಿ ಬರತಕ್ಕದ್ದು. ಸಾಲು ಮೂರನೇ ಮಹಡಿಯಿಂದ ಎರಡನೆಯದರವರೆಗೆ ಬೆಳೆಯಿತು. ಎಲ್ಲವೂ ಬೂದು ಬಣ್ಣವಾದ್ದರಿಂದ ಯಾವುದು ಯಾರದ್ದೆಂದು ಗೊತ್ತಿದ್ದದ್ದು ಮೀಟರಿಗೊಬ್ಬನಿಗೇ. ಅವನು ತೆಳುವಾದ ಚಾಕು ಹಿಡಿದು ಒಂದೊಂದನ್ನೇ ಬಿಡಿಸಿ, ಚಿಂದಿಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಕೊಟ್ಟ. ಎರಡನೇ ಮಹಡಿಯ ಗಂಡ ಮಾತ್ರೆ ಪಟ್ಟಿಯನ್ನು ಬೆಳಕಿಗೆ ಹಿಡಿದು ಎಣಿಸಿದರು. ನಮ್ಮದು ಹತ್ತು ಗುಳಿಯದ್ದು, ಇದರಲ್ಲಿ ಎಂಟೇ ಇದೆ ಎಂದರು. ಉಳಿದ ಎರಡು ಎಡಗಡೆಯ ಕಿಟಕಿಗೆ ಹೋಗಿವೆ ಎಂದು ಮೀಟರ್ ಅವನ್ನೂ ಕಿತ್ತು ಕೊಟ್ಟ. ಅವರು ಹತ್ತನ್ನೂ ಜೇಬಿಗೆ ಹಾಕಿಕೊಂಡು, ಮೋಸ ಎಂದರೆ ಮೋಸವೇ ಎಂದು ಹೇಳಿ ಇಳಿದರು. ಡಾಕ್ಟರು ತಾವು ಬರಲಿಲ್ಲ, ದವಡೆ ತರಲು ನರ್ಸನ್ನು ಕಳಿಸಿದರು. ಪೇಸ್ಟಿನ ಮುಚ್ಚಳವನ್ನು ಕೇಳಲು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟ ಮೀಟರ್ ಕಸದ ಡಬ್ಬಿಯ ಮುಂದೆ ನಿಂತ. ಮೇಲೆಯೇ ಇತ್ತು ಎಲ್ಲ. ಬೂದು ಪಟ್ಟಿ, ಬೂದು ಸ್ಪ್ರಿಂಗು, ಬೂದು ಹಲ್ಲುಗಳ ದವಡೆ. ಜಾಲರಿ ಮಾತ್ರ ಇರಲಿಲ್ಲ. ಯಾರೂ ನೋಡುತ್ತಿರಲಿಲ್ಲ, ಕೈ ಹಾಕಿದ್ದರೆ ಎರಡು ನಿಮಿಷದ ಕೆಲಸ. ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ.

ಮುಂದಿನ ಭಾನುವಾರ ಅಕ್ಕ ಫೋನು ಮಾಡಿದಾಗ ಮನೆಯಲ್ಲಿ ಜನ ಇದ್ದಾರಾ ಎಂದು ಕೇಳಿದಳು. ಇಲ್ಲ ಎಂದ. ಒಳ್ಳೆಯದಾಯಿತು, ಬಾಗಿಲು ಸರಿಯಾಗಿ ಹಾಕಿಕೋ ಎಂದಳು.

ಹೊಲಿಗೆಯಮ್ಮ ಮಾತ್ರ ತಮ್ಮ ವಸ್ತು ಹಿಂಪಡೆಯಲು ಬಂದಿರಲಿಲ್ಲ. ಗಾಡಿಯ ಮೈಮೇಲೆ ಉಳಿದದ್ದು ಚಕ್ರಗಳು ಮತ್ತು ಅವರು ಕೊಟ್ಟ ಮೂರು ಬ್ಲೇಡುಗಳು. ಕಟ್ಟಡದ ಮೀಟರ್ ಓದುವ ದಿನ ಮೀಟರ್ ಆ ಬ್ಲೇಡುಗಳನ್ನೂ ಬಿಡಿಸಿ, ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡ. ಹೊಲಿಗೆಯಮ್ಮನ ಮನೆಯಲ್ಲಿ ವಿದ್ಯುತ್ ಮೀಟರ್ ಇದ್ದದ್ದು ಹೊಲಿಗೆ ಯಂತ್ರದ ನೇರಕ್ಕೆ, ಗಂಡನ ಫೋಟೋದ ಪಕ್ಕದಲ್ಲಿ. ಅಂಕಿ ಬರೆದುಕೊಂಡು, ಪೊಟ್ಟಣವನ್ನು ಯಂತ್ರದ ಮೇಲಿಟ್ಟು, ನಿಮಗೆ ಸುಳ್ಳು ಹೇಳಿದ್ದು ತಪ್ಪಾಯಿತು ಎಂದ.

ಹೊಲಿಗೆಯಮ್ಮ ಬಿಚ್ಚಿ ನೋಡಿದರು. ಉಗುರಿನಿಂದ ಬೂದು ಬಣ್ಣ ಕೆರೆದರು. ಬರಲಿಲ್ಲ.

"ಅವರಿಗೆ ಹೇಳಿಬಿಟ್ಟಿದ್ದೆ," ಎಂದರು ಫೋಟೋದ ಕಡೆ ನೋಡದೆಯೇ. "ನಿಮ್ಮ ಮಿಷನ್ನು ಇಷ್ಟು ದೂರ ಹೋಯ್ತು ಅಂತ. ಈಗ ಏನಂತ ಹೇಳ್ಲಿ?"

ಮೀಟರ್ ಅಂಕಿ ಬರೆದ ಕಾರ್ಡನ್ನು ತಿರುಗಾಮುರುಗಾ ಮಾಡುತ್ತ ನಿಂತ. ಹೊಲಿಗೆಯಮ್ಮ ಯಂತ್ರದ ಗಾಲಿಗೆ ಕೈಯಿಟ್ಟರು, ತಿರುಗಿಸಲಿಲ್ಲ. ಇದಕ್ಕೆ ಅಲ್ಲಿ ಏನು ಕೆಲಸ ಕೊಟ್ಟಿದ್ದಿರಿ ಎಂದು ಕೇಳಿದರು.

ಹಾಗೆ ಕೇಳಿದವರು ಅವರೊಬ್ಬರೇ. ಮೀಟರ್ ಹೇಳಿದ. ಆ ಗ್ರಹದಲ್ಲಿ ಧೂಳು ಬಿಡದೆ ಬೀಳುತ್ತಿರುತ್ತದೆ. ಈ ಮೂರೂ ತಿರುಗುತ್ತ ಗಾಜಿನ ಮೇಲಿನ ಧೂಳನ್ನು ಹಾರಿಸುತ್ತವೆ. ಇವಿಲ್ಲದಿದ್ದರೆ ಓಡಿಸುವವನಿಗೆ ಹಾದಿ ಕಾಣುವುದಿಲ್ಲ.

"ಓಡಿಸೋರೂ ಇದಾರಾ?"

"ಒಬ್ಬ ಇದಾನೆ. ಬೆಂಕಿಕಡ್ಡಿಯಲ್ಲಿ ಮಾಡಿದ್ದು, ಬೆರಳಿನ ಒಂದು ಗೆಣ್ಣಿನಷ್ಟು."

"ಎಷ್ಟು ದಿನದ ಹಾದಿ?"

"ಒಂಬತ್ತು ತಿಂಗಳು," ಎಂದ ಮೀಟರ್. ಅವನಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

"ಒಂಬತ್ತು ತಿಂಗಳು ಒಬ್ಬನೇನಾ?" ಹೊಲಿಗೆಯಮ್ಮನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಯಾರಾದ್ರೂ ಹಾಗೆ ಕಳಿಸ್ತಾರೇನ್ರೀ?" ಬ್ಲೇಡುಗಳನ್ನು ಮತ್ತೆ ಕಾಗದದಲ್ಲಿ ಸುತ್ತಿ ಅವನ ಕಡೆ ನೂಕಿದರು. ಚಿಂದಿಯ ಡಬ್ಬದಿಂದ ಕಂದುಬಣ್ಣದ ಬಟ್ಟೆಯ ಚೂರೊಂದನ್ನು ಆರಿಸಿ ಅದರ ಮೇಲಿಟ್ಟರು. "ಇನ್ನೊಂದು ಸೀಟು ಮಾಡಿ. ಮಾಡಿದ್ಮೇಲೆ ನಾನು ಬಂದು ನೋಡ್ತೀನಿ."

ಇನ್ನೊಂದು ಸೀಟಿಗೆ ಜಾಗವಿರಲಿಲ್ಲ. ಗಾಡಿಯ ಮುಂಭಾಗವನ್ನೇ ಕೊಯ್ಯಬೇಕಾಯಿತು. ಕೊಯ್ಯುವಾಗ ಒಡಲು ಒಂದು ಕಡೆ ಸೀಳಿತು, ಅದಕ್ಕೆ ಜಿಪ್ಪಿನ ತುಂಡು ಹಚ್ಚಿದ. ನಾಲ್ಕು ಸಂಜೆ ಹಿಡಿಯಿತು. ಕರೆಗಂಟೆ ಆಗಲಿಲ್ಲ. ಕಾರ್ಯದರ್ಶಿಗಳು ಮೆಟ್ಟಿಲಿನಲ್ಲಿ ಎದುರಾದರೆ ಗೋಡೆಯ ಬಣ್ಣ ನೋಡುತ್ತ ಇಳಿಯುತ್ತಿದ್ದರು.

ಶನಿವಾರ ಮಧ್ಯಾಹ್ನ ಹೊಲಿಗೆಯಮ್ಮ ಬಂದರು. ಕನ್ನಡಕ ಹಾಕಿಕೊಂಡು, ಪ್ಯಾಂಟಿನ ಅಂಚು ನೋಡುವಂತೆ ಗಾಡಿಯನ್ನು ಸುತ್ತಲೂ ನೋಡಿದರು. ಬೀರುವಿನ ಮೇಲಿನ ಹನ್ನೊಂದನ್ನೂ ನೋಡಿದರು, ಒಂದರ ಧೂಳು ಒರೆಸಿದರು. ಆಮೇಲೆ ಮತ್ತೆ ಬಗ್ಗಿ, ಇಬ್ಬರೂ ಹೀಗೆ ಮುಂದೆ ನೋಡಿಕೊಂಡೇ ಕೂರುತ್ತಾರಾ ಎಂದು ಕೇಳಿದರು. ಹಾದಿ ನೋಡಬೇಕಲ್ಲ ಎಂದ ಮೀಟರ್.

"ಒಬ್ಬರು ನೋಡಿದ್ರೆ ಸಾಕು. ಇನ್ನೊಬ್ಬರನ್ನ ಈ ಕಡೆ ತಿರುಗ್ಸಿ. ಒಂಬತ್ತು ತಿಂಗಳು ಮಾತು ಬೇಡ್ವಾ?"

ಮೀಟರ್ ಚಾಕು ತೆಗೆದುಕೊಂಡ. ಎರಡನೇ ಸೀಟನ್ನು ಬಿಡಿಸಿ, ಮೊದಲನೆಯದರ ಕಡೆ ತಿರುಗಿಸಿ, ಅಂಟು ಹಚ್ಚಿ, ಬೆರಳಿನಿಂದ ಒತ್ತಿ ಹಿಡಿದ. ಅಂಟು ಹಿಡಿಯಲು ಹತ್ತು ನಿಮಿಷ ಬೇಕು, ಅಲ್ಲಿಯವರೆಗೆ ಬೆರಳು ಅಲ್ಲಾಡಿಸುವಂತಿಲ್ಲ ಎಂದು ಹೇಳಿದ. ಹೊಲಿಗೆಯಮ್ಮ ಗಡಿಯಾರ ನೋಡಿದರು. ಐದಕ್ಕೆ ಎರಡು ಪ್ಯಾಂಟು ಕೊಡುವುದಿದೆ, ಅಂಟು ಹಿಡಿಯುವ ತನಕ ಇರುತ್ತೇನೆ ಎಂದು ಕೂತರು. ಗಂಡ ಗಡ್ಡ ಹೆರೆದುಕೊಳ್ಳುವಾಗ ಎಡಗೆನ್ನೆಯನ್ನು ಯಾವಾಗಲೂ ಮರೆಯುತ್ತಿದ್ದರೆಂದೂ, ಬೀದಿಯ ಕೊನೆಯವರೆಗೆ ಓಡಿಹೋಗಿ ಅವರನ್ನು ವಾಪಸ್ ಕರೆತರಬೇಕಾಗುತ್ತಿತ್ತೆಂದೂ ಹೇಳತೊಡಗಿದರು.

ಹತ್ತು ನಿಮಿಷಕ್ಕೆ ಅಂಟು ಕಲ್ಲಿನಂತೆ ಗಟ್ಟಿಯಾಯಿತು. ಮೀಟರ್ ಬೆರಳು ತೆಗೆಯಲಿಲ್ಲ.